ಹೋಂವರ್ಕ್ ಯಾರದು?

ಮಳೆ ರಜೆ, ಮತ್ತೆ ಶಾಲೆ, ಮತ್ತೆ ರಜೆ. ಹೀಗೆ ಕಳೆದ ತಿಂಗಳಲ್ಲಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹೋಂವರ್ಕ್ ಬಗ್ಗೆಯೇ. ಲೆಕ್ಕ ಬರುವುದಿಲ್ಲ ಎಂಬ ದೂರಿಗಿಂತ ಮನೆಯಲ್ಲಿ ಮನಸ್ತಾಪ ಎಂಬ ದೂರೇ ಜಾಸ್ತಿ. ಆಯ್ದ ಪತ್ರಗಳಿಗೆ ನಮ್ಮ ಬಳಗದ ಶಿಕ್ಷಕರು ಮತ್ತು ಮಕ್ಕಳ ಆಪ್ತಸಮಾಲೋಚಕರು ಸೇರಿ ಉತ್ತರಿಸಿದ್ದಾರೆ. ಬರೆದವರ ಹೆಸರು ಕೈಬಿಟ್ಟಿದ್ದೇವೆ.

ಪ್ರಶ್ನೆ: ಮಗಳು ನಾಲ್ಕನೇ ತರಗತಿ. ಶಾಲೆ ಬಸ್ಸು ಇಳಿದು ತೋಟದ ದಾರಿಯಲ್ಲಿ ನಡೆದು ಮನೆ ಸೇರುವಾಗ ಐದೂವರೆ. ಆರೂವರೆಗೆ ಹೋಂವರ್ಕಿಗೆ ಕೂತರೆ ಒಂಬತ್ತಾದರೂ ಮುಗಿಯುವುದಿಲ್ಲ. ಅವಳ ಅಳು, ನನ್ನ ಕೂಗಾಟ, ಒಮ್ಮೊಮ್ಮೆ ಏಟು. 'ನಿನಗೆ ಹೇಳಿಕೊಡಲು ತಾಳ್ಮೆಯಿಲ್ಲ' ಎಂದು ಯಜಮಾನರು ಅಲ್ಲೇ ಕೂತು ಹೇಳುತ್ತಾರೆ. ಈಗೀಗ ಅವಳು ನನ್ನ ಹತ್ತಿರ ಬೇರೆ ಮಾತೇ ಆಡುವುದಿಲ್ಲ.
— ನಾಪೋಕ್ಲು ಕಡೆಯ ಓದುಗರು

ಉತ್ತರ: ಮೊದಲು ಅಳೆಯಿರಿ. ಹಳೆಯ ನೋಟ್‌ಬುಕ್ಕೊಂದರಲ್ಲಿ ಐದು ದಿನ ಇಷ್ಟು ಬರೆದಿಡಿ: ಎಷ್ಟು ಹೊತ್ತಿಗೆ ಕೂತಳು, ಯಾವ ವಿಷಯ, ಪೆನ್ಸಿಲ್ ನಿಜವಾಗಿ ಓಡಿದ್ದು ಎಷ್ಟು ನಿಮಿಷ, ಎಲ್ಲಿ ತಡೆದು ನಿಂತಳು. ಎರಡೂವರೆ ಗಂಟೆಯಲ್ಲಿ ಕೆಲಸ ನಡೆದದ್ದು ಅರ್ಧ ಗಂಟೆ, ಉಳಿದದ್ದೆಲ್ಲ ಪುಸ್ತಕ ಹುಡುಕಾಟ, ರಬ್ಬರ್ ಉಜ್ಜಾಟ, ವಾದ ಎಂದು ಕಂಡರೆ ಕೂರುವ ಕ್ರಮ ಸರಿಯಿಲ್ಲ. ಪೆನ್ಸಿಲ್ ನಿಜವಾಗಿಯೂ ಒಂದೂವರೆ ಗಂಟೆ ಓಡಿದ್ದರೆ ಶಾಲೆ ಕೊಟ್ಟದ್ದೇ ಹೆಚ್ಚು. ಎರಡಕ್ಕೂ ಮದ್ದು ಬೇರೆ ಬೇರೆ. ಅಳೆಯದೆ ಮದ್ದು ಹುಡುಕುವುದರಿಂದಲೇ ಗಂಡ ಹೆಂಡತಿಯನ್ನೂ, ಹೆಂಡತಿ ಮಗುವನ್ನೂ ದೂರುತ್ತಾ ಕೂರುವುದಾಗುತ್ತದೆ.

ಎಷ್ಟು ಹೆಚ್ಚು ಎನ್ನುವುದಕ್ಕೆ ಲೆಕ್ಕವಿದೆ. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕ್ ಇಲ್ಲ. 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ದಿನಕ್ಕಲ್ಲ, ವಾರಕ್ಕೆ! 6ರಿಂದ 8ಕ್ಕೆ ದಿನಕ್ಕೆ 1 ಗಂಟೆ, 9ರ ಮೇಲೆ ದಿನಕ್ಕೆ 2 ಗಂಟೆ ಮಿತಿ. ನಿಮ್ಮ ಮಗಳ ಪಾಲಿಗೆ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಬಂತು. ನೀತಿಯನ್ನು ಎಲ್ಲ ಶಾಲೆಗಳೂ ಅಕ್ಷರಶಃ ಪಾಲಿಸುತ್ತವೆ ಎಂದೇನಲ್ಲ, ಆದರೆ ಮುಖ್ಯ ಶಿಕ್ಷಕರ ಮುಂದೆ ಮಾತಾಡಲು ನಿಮ್ಮ ಕೈಯಲ್ಲಿ ಒಂದು ಅಳತೆ ಇದ್ದಂತಾಯಿತು.

ಇನ್ನು ಕೂರುವ ಕ್ರಮ. ಬಸ್ಸಿಳಿದು ಬಂದ ಮಗುವಿಗೆ ಮೊದಲ ಪ್ರಶ್ನೆ 'ಇವತ್ತು ಏನು ಹೋಂವರ್ಕ್' ಆಗಬಾರದು. ಬಿಸಿನೀರು, ಬಟ್ಟೆ ಬದಲು, ಹೊಟ್ಟೆ ತುಂಬುವ ತಿಂಡಿ. ಬರೀ ಬಿಸ್ಕತ್ತು ಚಹಾ ಸಾಲದು. ಮಧ್ಯಾಹ್ನ ಹನ್ನೆರಡೂವರೆಗೆ ಉಂಡ ಮಗು ಅದು. ಒಂದು ದೋಸೆಯೋ, ಅಕ್ಕಿ ರೊಟ್ಟಿಯೋ, ಬೇಯಿಸಿದ ಮೊಟ್ಟೆಯೋ ಇರಲಿ. ಅರ್ಧ ಗಂಟೆ ಶಾಲೆಯ ಸುದ್ದಿಯೇ ಬೇಡ. ಆರೂವರೆಗೆ ಕೂರುವುದನ್ನು ಆರೂಕಾಲಕ್ಕೆ ತನ್ನಿ. ಏಳಾದ ಮೇಲೆ ಒಂಬತ್ತು ವರ್ಷದ ಮಗುವಿನ ಗಮನ ಬೇಗ ಸೋಲುತ್ತದೆ. ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯುತ್ತದೆ.

ಕೂರುವ ಮೊದಲು ಪೆನ್ಸಿಲ್ ಎರಡು, ಸ್ಕೇಲು, ಡೈರಿ, ಬೇಕಾದ ಪುಸ್ತಕವಷ್ಟೇ ಮೇಜಿನ ಮೇಲೆ. ರಬ್ಬರ್ ದೂರ ಇಡಿ. ತಪ್ಪಿದ್ದಕ್ಕೆ ಒಂದು ಗೆರೆ ಎಳೆದು ಮುಂದೆ ಬರೆಯಲಿ. ಮೊದಲ ಎರಡು ನಿಮಿಷ ನೀವು ಪಕ್ಕದಲ್ಲಿರಿ: ಏನು ಮಾಡಬೇಕು ಎಂದು ಅವಳ ಬಾಯಿಂದಲೇ ಹೇಳಿಸಿ, ಮೊದಲ ಲೆಕ್ಕ ಶುರು ಮಾಡಿದ್ದು ಕಂಡ ಮೇಲೆ ಎದ್ದು ಹೋಗಿ. ಅಡುಗೆ ಮನೆಯಿಂದ ಕಿವಿ ಕೇಳುವಷ್ಟು ದೂರ ಸಾಕು. ಪಕ್ಕದಲ್ಲೇ ಕೂತರೆ ಪ್ರತಿ ಅಕ್ಷರಕ್ಕೂ ನಿಮ್ಮ ಮುಖ ನೋಡುವ ಅಭ್ಯಾಸ ಬರುತ್ತದೆ, ಆಮೇಲೆ ನೀವಿಲ್ಲದೆ ಗೆರೆ ಎಳೆಯುವುದಿಲ್ಲ. ಹದಿನೈದು ನಿಮಿಷಕ್ಕೆ ಒಮ್ಮೆ ಏಳಲಿ, ನೀರು ಕುಡಿಯಲಿ. ಮೂವತ್ತೈದು ನಿಮಿಷ ಪ್ರಾಮಾಣಿಕವಾಗಿ ಕೂತಮೇಲೂ ಉಳಿದರೆ, ಉಳಿದದ್ದು ಉಳಿಯಲಿ. ಪುಸ್ತಕ ಮುಚ್ಚಿಸಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಬೆಳಗ್ಗೆ ಆರಕ್ಕೆ ಏಳುವ ಮಗು ಒಂಬತ್ತಕ್ಕೆ ಹಾಸಿಗೆಯಲ್ಲಿರಲೇಬೇಕು. ಹೋಂವರ್ಕಿಗಾಗಿ ಆ ನಿದ್ದೆ ಕಡಿಯಬೇಡಿ.

ಉಳಿದದ್ದಕ್ಕೆ ಡೈರಿಯಲ್ಲಿ ಎರಡು ಸಾಲು ಬರೆಯಿರಿ. ಕ್ಷಮೆ ಬೇಡ, ದೂರೂ ಬೇಡ. ಹೀಗೆ ಸಾಕು: 'ನಮಸ್ಕಾರ ಮಿಸ್. ಇಂದು 35 ನಿಮಿಷ ಕೂತಳು. ಲೆಕ್ಕ 1ರಿಂದ 4 ಅವಳೇ ಮಾಡಿದ್ದಾಳೆ. ಭಾಗಾಕಾರದಲ್ಲಿ ಸೊನ್ನೆ ಬಂದಾಗ ತಡೆಯುತ್ತಾಳೆ. ದಯವಿಟ್ಟು ಅದನ್ನು ಇನ್ನೊಮ್ಮೆ ಹೇಳಿಕೊಡಿ.' ಇಂಥ ಟಿಪ್ಪಣಿ ಶಿಕ್ಷಕರಿಗೆ ನಿಜವಾಗಿ ಬೇಕಾದ ಮಾಹಿತಿ. ಮನೆಯಲ್ಲಿ ನೀವು ತಿದ್ದಿ, ಅಳಿಸಿ, ಮುದ್ದಾಗಿ ಬರೆಸಿ ಕಳುಹಿಸಿದ ಪುಟ ನೋಡಿದರೆ 'ಎಲ್ಲರಿಗೂ ಅರ್ಥವಾಗಿದೆ' ಎಂದುಕೊಂಡು ಅವರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಮರುದಿನ ಹೋಂವರ್ಕ್ ಇನ್ನೂ ಕಷ್ಟ, ಜಗಳ ಇನ್ನೂ ಜೋರು. ತಪ್ಪು ಪುಸ್ತಕದಲ್ಲೇ ಉಳಿದು ಶಾಲೆಗೆ ಹೋಗಬೇಕು. ಬರೆಯುವ ಕೆಲಸ ನಿಮ್ಮ ಮಗಳದ್ದು, ತಿದ್ದುವುದು ಶಿಕ್ಷಕರದ್ದು. ಜಾಗ, ಹೊತ್ತು, ಊಟ, ಸಹಿ ಇಷ್ಟು ನಿಮ್ಮದು.

ಏಟು ನಿಲ್ಲಿಸಿ. ಹೆದರಿದ ಮಗುವಿಗೆ ಗೊತ್ತಿದ್ದ ಮಗ್ಗಿಯೂ ಬಾಯಿಗೆ ಬರುವುದಿಲ್ಲ, ಅದನ್ನು ಕಂಡು ನಿಮಗೆ ಇನ್ನೂ ಸಿಟ್ಟು. ಸಿಟ್ಟು ಏರಿದ್ದು ಗೊತ್ತಾದ ಕೂಡಲೇ 'ನಾನು ಒಲೆ ನೋಡಿ ಬರುತ್ತೇನೆ' ಎಂದು ಎದ್ದುಬಿಡಿ. ಯಜಮಾನರಿಗೊಂದು ಮಾತು: ಪಕ್ಕದಲ್ಲಿ ಕೂತು ವಿಮರ್ಶೆ ಮಾಡುವುದರಿಂದ ಯಾರಿಗೂ ಲಾಭವಿಲ್ಲ. ವಾರದಲ್ಲಿ ಎರಡು ಸಂಜೆ, ಉದಾಹರಣೆಗೆ ಸೋಮವಾರ, ಗುರುವಾರ, ಪೂರ್ತಿ ನಿಮ್ಮದು. ಉಳಿದ ದಿನ ಆ ಹೊತ್ತಿನಲ್ಲಿ ಅಡುಗೆ ಮನೆಗೆ ನಿಮ್ಮ ಕೈ.

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಶಾಲೆ, ಅಂಕ, ಪುಸ್ತಕ ಯಾವುದೂ ಇಲ್ಲದ ಮಾತು ಇರಲಿ. ಮೊದಲ ವಾರ ಅವಳು ಮಾತಾಡದಿದ್ದರೂ ಪಕ್ಕದಲ್ಲಿ ಕೂತಿರಿ.

ಪ್ರಶ್ನೆ: ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮಗಿಬ್ಬರಿಗೂ ತೋಟದಲ್ಲೇ ಕತ್ತಲಾಗುತ್ತದೆ. ಹಣ್ಣು ತೂಕ, ಆಳುಗಳ ಲೆಕ್ಕ, ಕಣದ ಕೆಲಸ. ಐದನೇ ತರಗತಿಯ ಮಗನಿಗೆ ಹೇಳಿಕೊಡುವ ಜವಾಬ್ದಾರಿ ಒಂಬತ್ತನೇ ತರಗತಿಯ ಮಗಳಿಗೆ ವಹಿಸಿದೆವು. ಈಗ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.
— ಸಿದ್ದಾಪುರ ಕಡೆಯ ಕಾಫಿ ಬೆಳೆಗಾರರು

ಉತ್ತರ: ಅರೇಬಿಕಾ ಕುಯ್ಲು ಮುಗಿಯುತ್ತಲೇ ರೊಬಸ್ಟಾ, ಅದರ ಬೆನ್ನಿಗೇ ಕರಿಮೆಣಸು. ನಿಮ್ಮ ಕುಯ್ಲು ಮುಗಿಯುವ ಹೊತ್ತಿಗೆ ಶಾಲೆಯ ವಾರ್ಷಿಕ ಪರೀಕ್ಷೆ ಬಂದಿರುತ್ತದೆ. ಇದು ಪ್ರತಿ ವರ್ಷದ್ದು, ಆದ್ದರಿಂದ ನವೆಂಬರಿನಲ್ಲೇ ಯೋಚಿಸಿಡಬೇಕಾದ ವಿಷಯ.

ಅಕ್ಕನಿಗೆ ನೀವು ಕೊಟ್ಟದ್ದು ಅಧಿಕಾರವಿಲ್ಲದ ಜವಾಬ್ದಾರಿ. ತಮ್ಮ ಬರೆಯದಿದ್ದರೆ ಬೈಗುಳ ಅವಳಿಗೆ. ಅವಳು ಗದರಿದರೆ 'ನೀನ್ಯಾರು ಕೇಳೋಕೆ' ಎನ್ನುತ್ತಾನೆ ಅವನು. ಹಾಗಾಗಿ ಕೆಲಸ ಕತ್ತರಿಸಿ ಕೊಡಿ. ಅಕ್ಕ ಮಾಡಬಹುದಾದದ್ದು: ಮಗ್ಗಿ ಒಪ್ಪಿಸಿಕೊಳ್ಳುವುದು, ಉಕ್ತಲೇಖನಕ್ಕೆ ಹತ್ತು ಪದ ಹೇಳುವುದು, ಗೊತ್ತಿಲ್ಲದ ಪದದ ಅರ್ಥ ಹೇಳುವುದು. ಇಪ್ಪತ್ತು ನಿಮಿಷ, ಗಡಿಯಾರ ನೋಡಿ. ಮಾಡಬಾರದ್ದು: ಬರೆದದ್ದನ್ನು ತಿದ್ದುವುದು, ಬರೆಯುವಂತೆ ಒತ್ತಾಯಿಸುವುದು, ಅಪ್ಪ ಅಮ್ಮನಿಗೆ ವರದಿ ಒಪ್ಪಿಸುವುದು. ಈ ವರದಿಯೇ ಎಲ್ಲಕ್ಕಿಂತ ಕೆಟ್ಟದ್ದು. ಅಕ್ಕನನ್ನು ಮೇಸ್ತ್ರಿ ಮಾಡಿಬಿಡುತ್ತದೆ.

ಅವಳಿಗೂ ದಿನಕ್ಕೆ ಎರಡು ಗಂಟೆಯ ಸ್ವಂತ ಓದಿದೆ, ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಹೆಣ್ಣುಮಗಳು ಎಂಬ ಕಾರಣಕ್ಕೆ ಅನ್ನಕ್ಕಿಡುವುದು, ತಮ್ಮನನ್ನು ಕೂರಿಸುವುದು, ಬಟ್ಟೆ ತೆಗೆಯುವುದು ಎಲ್ಲವೂ ಅವಳ ಪಾಲಿಗೆ ಬಿದ್ದಿದೆಯೇ ಎಂದು ಒಮ್ಮೆ ಎಣಿಸಿ ನೋಡಿ. ತಮ್ಮನಿಗೂ ಒಂದು ಕೆಲಸ ಕೊಡಿ: ಕೋಳಿ ಗೂಡು ಮುಚ್ಚುವುದೋ, ತಟ್ಟೆ ತೊಳೆಯುವುದೋ.

ನೀವು ಮನೆಗೆ ಬಂದ ಮೇಲೆ ಕೈಕಾಲು ತೊಳೆದು ಐದೇ ನಿಮಿಷ ಅವನ ಡೈರಿ ನೋಡಿ ಸಹಿ ಹಾಕಿ. ಆಗದ ದಿನ ಬೆಳಗ್ಗೆ ಹಾಕಿ. ಮುಗಿಯದ ಲೆಕ್ಕವಿದ್ದರೂ ಬೆಳಗ್ಗೆ ಆರೂವರೆಯ ಹದಿನೈದು ನಿಮಿಷ ರಾತ್ರಿಯ ಮುಕ್ಕಾಲು ಗಂಟೆಗೆ ಸಮ. ಆಳುಗಳ ವಾರದ ಬಟವಾಡೆ ಲೆಕ್ಕವನ್ನು ಶನಿವಾರ ಅವನಿಂದ ಕೂಡಿಸಿ ನೋಡಿ: ಇಷ್ಟು ಕಿಲೋ ಹಣ್ಣು, ಕಿಲೋಗೆ ಇಷ್ಟು ಕೂಲಿ, ಒಟ್ಟು ಎಷ್ಟು. ಐದನೇ ತರಗತಿಯ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಪುಸ್ತಕದಲ್ಲಿ ಇಲ್ಲ.

ಪ್ರಶ್ನೆ: ಮನೆಯಲ್ಲಿ ನಾವು ಆಡುವುದು ಕೊಡವ ತಕ್ಕ್. ಮೊಮ್ಮಗ ಇಂಗ್ಲಿಷ್ ಮಾಧ್ಯಮ, ಎರಡನೇ ತರಗತಿ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಆಗ ಹೋಂವರ್ಕ್ ಸುಲಭವಾಗುತ್ತದೆ ಎಂದು ಶಾಲೆಯವರು ಹೇಳಿದರಂತೆ. ಸೊಸೆ ಹಾಗೇ ಮಾಡುತ್ತಿದ್ದಾಳೆ. ಅವನು ಪುಸ್ತಕ ತೆಗೆದರೆ ನಾನು ಒಳಗೆ ಹೋಗಿ ಕೂರುತ್ತೇನೆ.
— ವಿರಾಜಪೇಟೆ ಬಳಿಯ ಅಜ್ಜಿಯೊಬ್ಬರು

ಉತ್ತರ: ಒಳಗೆ ಹೋಗಬೇಡಿ ಅಮ್ಮ, ಹೊರಗೆ ಬಂದು ಅವನ ಪಕ್ಕ ಕೂರಿ. ಎರಡನೇ ತರಗತಿಗೆ ಬರೆಯುವ ಹೋಂವರ್ಕೇ ಇರಬಾರದು, ಮೇಲಿನ ಉತ್ತರದಲ್ಲಿ ಹೇಳಿದಂತೆ. ಸಿಬಿಎಸ್‌ಇ ಶಾಲೆಗಳು 1 ಮತ್ತು 2ನೇ ತರಗತಿಗೆ ಹೋಂವರ್ಕ್ ಕೊಡಬಾರದು ಎಂದು 2018ರಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಹೇಳಿತ್ತು.

ಭಾಷೆಯ ವಿಷಯದಲ್ಲಿ ಸೊಸೆಯ ಕಾಳಜಿ ತಪ್ಪಲ್ಲ, ದಾರಿ ತಪ್ಪು. ಮಗುವಿಗೆ ಪಾಠದ ವಿಷಯ ಮೊದಲು ತಲೆಯೊಳಗೆ ಇಳಿಯಬೇಕು, ಆಮೇಲೆ ಅದಕ್ಕೆ ಇಂಗ್ಲಿಷ್ ಪದ ಅಂಟಿಕೊಳ್ಳುತ್ತದೆ. ಬೀಜ ಮೊಳೆಯಲು ಏನೇನು ಬೇಕು ಎಂಬುದು ಮನೆಮಾತಿನಲ್ಲಿ ತಿಳಿದ ಮಗುವಿಗೆ ಇಂಗ್ಲಿಷಿನಲ್ಲಿ ಕಲಿಯಬೇಕಾದದ್ದು ನಾಲ್ಕು ಪದ ಮಾತ್ರ. ಅರ್ಥವಾಗದೆ ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮರುದಿನ ಹೋಗಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಹ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಕೆ ಎಂದೇ ಹೇಳುತ್ತದೆ. ಅರೆಭಾಷೆ, ತುಳು, ಮಲಯಾಳ, ಎರವ ಭಾಷೆಯ ಮನೆಗಳಿಗೂ ಇದೇ ಮಾತು. ಇನ್ನೊಂದಿದೆ: ದೊಡ್ಡವರು ತಡವರಿಸುತ್ತಾ ಆಡುವ ಭಾಷೆಯಲ್ಲಿ ಮಾತು ಕಡಿಮೆಯಾಗುತ್ತದೆ. 'ಈಟ್', 'ಸಿಟ್', 'ರೈಟ್' ಎಂಬಷ್ಟಕ್ಕೇ ನಿಲ್ಲುತ್ತದೆ. ಮಗು ಕೇಳುವ ಪದಗಳ ಸಂಖ್ಯೆಯೇ ಕುಸಿಯುತ್ತದೆ.

ನಿಮ್ಮ ಪಾಲಿನ ಕೆಲಸ ಹೀಗಿರಲಿ. ಅವನು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ, 'ಅದರಲ್ಲಿ ಏನಿತ್ತು ನನಗೆ ಹೇಳು' ಎಂದು ನಿಮ್ಮ ಮಾತಿನಲ್ಲೇ ಕೇಳಿ. ಗೊತ್ತಿಲ್ಲದವರಿಗೆ ಹೇಳುವಾಗ ಮಕ್ಕಳು ಬಿಡಿಸಿ ಹೇಳುತ್ತಾರೆ. ಅವರ ನೆನಪು ಗಟ್ಟಿಯಾಗುವುದೂ ಹೀಗೇ. ನಿಮಗೆ ಇಂಗ್ಲಿಷ್ ಬಾರದಿರುವುದು ಇಲ್ಲಿ ಅನುಕೂಲವೇ.

ಪ್ರಶ್ನೆ: ನಾನು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವುದು. ಮನೆಮಾತು ತಮಿಳು, ಓದು ಬರಹ ಗೊತ್ತಿಲ್ಲ. ಮಗ ಸರ್ಕಾರಿ ಶಾಲೆ, ಆರನೇ ತರಗತಿ. ಬರೆದಿದ್ದಾನೋ ಇಲ್ಲವೋ ಹೇಗೆ ತಿಳಿಯುವುದು? (ಪಕ್ಕದ ಮನೆಯವರಿಂದ ಬರೆಸಿ ಕಳುಹಿಸಿದ ಪತ್ರ)
— ಸುಂಟಿಕೊಪ್ಪ ಬಳಿಯಿಂದ

ಉತ್ತರ: ಓದಲು ಬಾರದೆಯೂ ಮೂರು ಸಂಗತಿ ನೋಡಬಹುದು. ಪುಟದ ಮೇಲ್ಗಡೆ ತಾರೀಕಿನ ಅಂಕಿ ಇವತ್ತಿನದೇ? ಹಿಂದಿನ ಪುಟದಲ್ಲಿ ಕೆಂಪು ಶಾಯಿಯ ಗುರುತು ಇದೆಯೇ? ಅದರ ಕೆಳಗೆ ಮಗ ಮತ್ತೆ ಬರೆದಿದ್ದಾನೆಯೇ? ಕೆಂಪು ಗುರುತು ಎರಡು ವಾರದಿಂದ ಕಾಣದಿದ್ದರೆ ಶಾಲೆಯಲ್ಲಿ ನೋಡುತ್ತಿಲ್ಲ ಎಂದರ್ಥ. ಹೋಗಿ ಕೇಳುವ ಹಕ್ಕು ನಿಮಗಿದೆ. ಕೂಲಿ ತಪ್ಪಿಸಿಕೊಂಡು ಹೋಗಬೇಕಾಗಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ, ಪೋಷಕರ ಸಭೆಯ ದಿನ ಮೊದಲೇ ಕೇಳಿಟ್ಟುಕೊಳ್ಳಿ.

ಒಂದೇ ಕೋಣೆಯ ಮನೆಯಲ್ಲಿ ಟಿವಿ ಒಂದು ಗಂಟೆ ಆರಿದರೆ ಅದೇ ದೊಡ್ಡ ಸಹಾಯ. ಅದೂ ಕಷ್ಟವಾದರೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ವರಾಂಡದಲ್ಲಿ ಬರೆದು ಬರಲು ಬಿಡುವಿರಾ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಆದರೆ ಆನೆ ಓಡಾಡುವ ದಾರಿಯಾದರೆ ಇದು ಬೇಡ. ಬೆಳಕಿರುವಾಗಲೇ, ಜೊತೆ ಸಿಕ್ಕಾಗಲೇ ಮನೆ ಸೇರಲಿ.

ಪ್ರಶ್ನೆ: ಕ್ಲಾಸ್ ಟೀಚರೇ ಸಂಜೆ ಟ್ಯೂಷನ್ ಮಾಡುತ್ತಾರೆ. ಹೋಗದವರ ಹೋಂವರ್ಕಿನಲ್ಲಿ ಮಾತ್ರ ತಪ್ಪು ಹುಡುಕುತ್ತಾರೆ ಅನಿಸುತ್ತದೆ. ಕೇಳಬಹುದೇ?
— ಕುಶಾಲನಗರದ ಓದುಗರು

ಉತ್ತರ: ಕೇಳಬಹುದು. ಶಿಕ್ಷಣ ಹಕ್ಕು ಕಾಯ್ದೆ 2009ರ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಆದರೆ 'ತಪ್ಪು ಹುಡುಕುತ್ತಾರೆ' ಎಂಬಲ್ಲಿಂದ ಶುರು ಮಾಡಬೇಡಿ, ಅದನ್ನು ಸಾಬೀತು ಮಾಡಲಾಗದು. ಮುಖ್ಯ ಶಿಕ್ಷಕರಿಗೆ ಟ್ಯೂಷನ್ ಬಗ್ಗೆಯಷ್ಟೇ ಬರೆದು ಕೊಡಿ, ಸ್ವೀಕೃತಿ ಸಹಿ ಪಡೆಯಿರಿ. ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ. ಮಗುವಿನ ಎದುರು ಶಿಕ್ಷಕರನ್ನು ಆಡಿಕೊಳ್ಳಬೇಡಿ. ನಾಳೆ ಅದೇ ತರಗತಿಯಲ್ಲಿ ಕೂರಬೇಕಾದದ್ದು ಮಗು.

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ, ಬರೆಯುವುದಕ್ಕೆ ಮಾತ್ರ ಎರಡು ಗಂಟೆ. ಅವನ ಅಪ್ಪ ಸೋಮಾರಿ ಎನ್ನುತ್ತಾರೆ.
— ಸೋಮವಾರಪೇಟೆಯ ತಾಯಿ

ಉತ್ತರ: ಆ ಪದವನ್ನು ಸದ್ಯಕ್ಕೆ ಮನೆಯಿಂದ ಹೊರಗಿಡಿ. ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಬೋರ್ಡಿನಿಂದ ಬರೆದುಕೊಂಡದ್ದೇ ಅರ್ಧಂಬರ್ಧ ಇದ್ದರೆ ಕಣ್ಣಿನ ದೋಷದ ಸಾಧ್ಯತೆ ಹೆಚ್ಚು. ಅದು ಸರಿಯಿದ್ದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆಯುವುದು, ಒತ್ತಕ್ಷರ ಸದಾ ಬಿಡುವುದು, ಓದುವಾಗ ಸಾಲು ಹಾರಿಸುವುದು, ಅಂಕಿ ತಿರುವು ಮುರುವು ಇವೆಲ್ಲ ಆರು ತಿಂಗಳಿಂದ ಇದ್ದರೆ ಕಲಿಕಾ ನ್ಯೂನತೆ ಇದೆಯೇ ಎಂದು ತಜ್ಞರು ನೋಡಬೇಕು. ನಿಮಗೆ ಹತ್ತಿರದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಕ್ಕಳ ವಿಭಾಗವಿದೆ. ಹೋಗುವಾಗ ತಿದ್ದದ, ಮುದ್ದಾಗಿ ಮರುಬರೆಯದ ಮೂರು ನೋಟ್‌ಬುಕ್ ಒಯ್ಯಿರಿ.

ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದ ತೊಂದರೆ. ಪ್ರಮಾಣಪತ್ರ ಇದ್ದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಕೇಳಬಹುದು. ಅಲ್ಲಿಯವರೆಗೆ ಶಿಕ್ಷಕರ ಒಪ್ಪಿಗೆ ಪಡೆದು, ಐದು ಉತ್ತರದಲ್ಲಿ ಎರಡನ್ನು ಅವನು ಬರೆಯಲಿ, ಮೂರನ್ನು ಹೇಳಲಿ. ಹೇಳಿದ್ದನ್ನು ನೀವು ಬರೆದು 'ಮಗ ಹೇಳಿದ್ದು' ಎಂದು ಕೆಳಗೆ ನಮೂದಿಸಿ.

ಪ್ರಶ್ನೆ: ಮಳೆ ರಜೆ ಘೋಷಣೆಯಾದ ಕೂಡಲೇ ವಾಟ್ಸಾಪಿನಲ್ಲಿ ಹೋಂವರ್ಕ್ ಸುರಿಯುತ್ತದೆ. ಕರೆಂಟು ಇಲ್ಲ, ನೆಟ್‌ವರ್ಕ್ ಇಲ್ಲ, ಪುಸ್ತಕವೆಲ್ಲ ಥಂಡಿ. ಇರುವ ಒಂದು ಫೋನಿಗೆ ಮನೆಮಂದಿಯೆಲ್ಲ ಕಿತ್ತಾಟ.
— ಮಡಿಕೇರಿಯ ಓದುಗರು

ಉತ್ತರ: ಸಂದೇಶ ಬಂದೊಡನೆ ದೊಡ್ಡವರೊಬ್ಬರು ಅದನ್ನು ಕಾಗದಕ್ಕೆ ಇಳಿಸಿ, ಫೋನ್ ಎತ್ತಿಡಿ. ಮಗು ಫೋನ್ ನೋಡಿ ಬರೆಯುವ ಪದ್ಧತಿಯೇ ಅರ್ಧ ಜಗಳಕ್ಕೆ ಮೂಲ. ಬೆಳಗ್ಗೆ ಹತ್ತರಿಂದ ಹನ್ನೊಂದರೊಳಗೆ, ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ ಮುಗಿಸಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದ ಬರಲಿ, ಇಲ್ಲವಾದರೆ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ. ಸಂಜೆಗೆ ಚಾರ್ಜ್ ಮಾಡುವ ಎಲ್‌ಇಡಿ ದೀಪ ಇಟ್ಟುಕೊಳ್ಳಿ, ಕರೆಂಟು ಬಂದಾಗಲೆಲ್ಲ ಮೊದಲು ಅದಕ್ಕೆ ಚಾರ್ಜು. ಮೇಣದ ಬತ್ತಿ ಬೇಡ: ಜ್ವಾಲೆ ಕುಣಿಯುತ್ತದೆ, ಹತ್ತಿರದಲ್ಲೇ ಕಂಬಳಿ, ಒಣಗಲು ಹಾಕಿದ ಯೂನಿಫಾರ್ಮು.

ಥಂಡಿ ಹಿಡಿದ ಹಾಳೆಯಲ್ಲಿ ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆನ್ಸಿಲ್ ಅಥವಾ ಬಾಲ್‌ಪೆನ್. ಬ್ಯಾಗಿನ ಹೊರಗೆ ರೇನ್‌ಕವರ್ ಇದ್ದರೂ ಒಳಗೆ ಪುಸ್ತಕಕ್ಕೆ ಬೇರೆಯೇ ಪ್ಲಾಸ್ಟಿಕ್ ಚೀಲ ಇರಲಿ. ನೆನೆದ ನೋಟ್‌ಬುಕ್ ಒಲೆಯ ಮೇಲಿಟ್ಟರೆ ಹಾಳೆ ಮುರುಟಿ, ಅಂಟು ಬಿಟ್ಟು ಬರುತ್ತದೆ. ಹತ್ತು ಹಾಳೆಗೊಂದು ಹಳೆಯ ಪೇಪರ್ ಸೇರಿಸಿ, ಮೇಲೆ ಭಾರ ಹೇರಿ, ಮೂರು ಗಂಟೆಗೊಮ್ಮೆ ಪೇಪರ್ ಬದಲಿಸಿ.

ರಜೆಯನ್ನು ಸರಿದೂಗಿಸಲು ಶನಿವಾರ ಪೂರ್ತಿ ತರಗತಿ ನಡೆಸುವ ಶಾಲೆ ಮತ್ತೆ ರಜೆಯ ದಿನಕ್ಕೂ ಹೋಂವರ್ಕ್ ಕೊಡುತ್ತಿದ್ದರೆ ಒಂದೇ ದಿನಕ್ಕೆ ಎರಡು ಬಾರಿ ಕಂದಾಯ ವಸೂಲಿ ಮಾಡಿದಂತೆ. ಇದನ್ನು ಪೋಷಕರ ಸಭೆಯಲ್ಲಿ ನಾಲ್ಕಾರು ಮಂದಿ ಸೇರಿ ಕೇಳಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲಾ ಶಿಕ್ಷಕಿ. ಕಡಿಮೆ ಕೊಟ್ಟರೆ ಪೋಷಕರೇ ಬಂದು 'ಏನೂ ಕೊಡುವುದಿಲ್ಲವಲ್ಲ' ಎನ್ನುತ್ತಾರೆ.
— ಪೊನ್ನಂಪೇಟೆ

ಉತ್ತರ: ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 2006ರಲ್ಲಿ ಹಿಂದಿನ ಸಂಶೋಧನೆಗಳನ್ನು ಒಟ್ಟು ಮಾಡಿ ನೋಡಿದಾಗ, ಹೋಂವರ್ಕಿಗೂ ಕಲಿಕೆಗೂ ನಂಟು ಹಿರಿಯ ತರಗತಿಗಳಲ್ಲಿ ಕಂಡಷ್ಟು ಕಿರಿಯ ತರಗತಿಗಳಲ್ಲಿ ಕಾಣಲಿಲ್ಲ. ಪೋಷಕರಿಗೆ ಇದನ್ನು ಹೇಳಿ. ಜೊತೆಗೆ ಸ್ಟಾಫ್‌ರೂಮಿನಲ್ಲಿ ಒಂದು ಲೆಕ್ಕ ಹಾಕಿ: ಆರು ವಿಷಯ, ಪ್ರತಿಯೊಬ್ಬರೂ 'ಇಪ್ಪತ್ತೇ ನಿಮಿಷದ್ದು' ಎಂದು ಕೊಟ್ಟರೆ ಮಗುವಿಗೆ ಎರಡು ಗಂಟೆ. ಗೋಡೆಗೆ ವಾರದ ಪಟ್ಟಿ ಅಂಟಿಸಿ, ದಿನಕ್ಕೆ ಎರಡೇ ವಿಷಯ. ಐದು ಲೆಕ್ಕ ಕೊಡುವುದಾದರೆ ಮೂರು ಇವತ್ತಿನದು, ಎರಡು ಕಳೆದ ವಾರದ್ದು. ಹಳೆಯದು ಮರೆಯುವ ಮುಂಚೆ ಮತ್ತೆ ತಲೆಗೆ ಬರಬೇಕು. ಮೊದಲ ಲೆಕ್ಕವನ್ನು ಗಂಟೆ ಹೊಡೆಯುವ ಮುಂಚಿನ ಐದು ನಿಮಿಷದಲ್ಲಿ ನಿಮ್ಮೆದುರೇ ಶುರು ಮಾಡಿಸಿ. ಅಲ್ಲಿ ತಡವರಿಸಿದವರು ಮನೆಯಲ್ಲಿ ಅಳುವವರು.

ಪ್ರಶ್ನೆ: ತಲಕಾವೇರಿಯ ಮಾಡೆಲ್ ಮಾಡಿ ತರಲು ಹೇಳಿದ್ದಾರೆ. ನಾಳೆಯೇ ಕೊಡಬೇಕು. ಥರ್ಮೋಕೋಲ್ ಕೊಯ್ಯುತ್ತಾ ರಾತ್ರಿ ಹನ್ನೊಂದಾಯಿತು, ಮಗ ಮಲಗಿದ್ದಾನೆ.
— ಮೂರ್ನಾಡಿನ ತಂದೆ

ಉತ್ತರ: ನೀವೂ ಮಲಗಿ. ಬೆಳಗ್ಗೆ ಮಗ ಎದ್ದ ಮೇಲೆ ರಟ್ಟಿನ ಪೆಟ್ಟಿಗೆಯ ಮುಚ್ಚಳಕ್ಕೆ ಅಂಗಳದ ಮಣ್ಣು ಮೆತ್ತಿ, ತೀರ್ಥ ಉಕ್ಕುವ ಚೌಕಾಕಾರದ ಕುಂಡಿಕೆಗೆ ಬೆಂಕಿಪೊಟ್ಟಣದ ಒಳಪೆಟ್ಟಿಗೆ ಹುದುಗಿಸಿ, ಹಿಂದೆ ಗುಡ್ಡಕ್ಕೆ ಪಾಚಿ ಅಂಟಿಸಲಿ. ಅರ್ಧ ಗಂಟೆಯ ಕೆಲಸ. ವಕ್ರವಾದರೆ ವಕ್ರವೇ ಹೋಗಲಿ.